ಕಲ್ಪತರು ನಾಡಿನ ಊಟ: ಸಿಹಿಗೆ ಮಿತಿ, ಮೈತೂಕಕ್ಕೆ ಹತೋಟಿ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಕಾಯಿ ಇಲ್ಲದೆ ಅಡಿಗೆ ನಡೆಯುವುದಿಲ್ಲ. ಸಾರಿಗೆ ಕಾಯಿ ರುಬ್ಬಬೇಕು, ಪಲ್ಯಕ್ಕೆ ತುರಿ ಉದುರಿಸಬೇಕು, ಹಬ್ಬಕ್ಕೆ ಕಾಯಿ ಒಬ್ಬಟ್ಟು, ಶಾವಿಗೆಗೆ ಕಾಯಿಹಾಲು. ಅಟ್ಟದ ಮೇಲೆ ಕಾಯಿ ಇದ್ದೇ ಇರುತ್ತದೆ, ಡಬ್ಬಿಯಲ್ಲಿ ಬೆಲ್ಲವೂ ಇರುತ್ತದೆ. ಇಂತಹ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ನಲವತ್ತೈದರ ಪ್ರಾಯದಲ್ಲಿ ಮಂಡಿ ನೋವು, ಏದುಸಿರು ಅಥವಾ ಸಕ್ಕರೆ ಕಾಯಿಲೆ ಕಾಣಿಸಿಕೊಂಡಾಗ, "ಸಿಹಿ ಬಿಡಿ, ಕಾಯಿ ಬಿಡಿ, ತೂಕ ಇಳಿಸಿ" ಎಂಬ ಸಲಹೆ ದೊರೆಯುತ್ತದೆ. ನಾಲ್ಕು ದಿನ ಬಿಟ್ಟದ್ದಾಗುತ್ತದೆ. ಐದನೆಯ ದಿನ ನೆಂಟರ ಮನೆಯ ಮದುವೆ ಬರುತ್ತದೆ, ಸಲಹೆ ಅಲ್ಲಿಗೆ ಮುಗಿಯುತ್ತದೆ.

ಪೂರ್ತಿ ಬಿಡುವ ಶಪಥ ಬಹಳ ಕಾಲ ಉಳಿಯುವುದು ಅಪರೂಪ. ಮೈತೂಕ ಏರಿಸುತ್ತಿರುವ ಸಿಹಿ ಯಾವುದು, ಅದು ದಿನದ ಯಾವ ಹೊತ್ತಿನಲ್ಲಿ, ಎಷ್ಟು ತೂಕದಲ್ಲಿ ಹೊಟ್ಟೆಗೆ ಹೋಗುತ್ತದೆ ಎಂಬುದನ್ನು ಮೊದಲು ಪತ್ತೆ ಮಾಡಿಕೊಂಡರೆ ಮಾತ್ರ ಹತೋಟಿ ಸಾಧ್ಯ. ಈ ಸೀಮೆಯ ಮನೆಗಳಲ್ಲಿ ಲೆಕ್ಕ ಹಾಕಿ ನೋಡಿದರೆ, ತಪ್ಪು ಹಬ್ಬದ ಒಬ್ಬಟ್ಟಿನದಕ್ಕಿಂತ ದಿನನಿತ್ಯದ ಲೋಟದ್ದೇ ಹೆಚ್ಚು ಎಂಬುದು ಕಂಡುಬರುತ್ತದೆ.

ಊಟ ಹಳೆಯದು, ಕೆಲಸ ಹೊಸದು

ಹಿಂದಿನ ತಲೆಮಾರಿನವರು ಇದೇ ಕಾಯಿ, ಇದೇ ಬೆಲ್ಲ ತಿಂದು ಗಟ್ಟಿಮುಟ್ಟಾಗಿದ್ದರು ಎಂಬ ವಾದ ಪ್ರತಿ ಹಳ್ಳಿಯಲ್ಲೂ ಕೇಳಿಬರುತ್ತದೆ. ಮಾತು ಸುಳ್ಳಲ್ಲ. ಆದರೆ ಅವರು ಕಪಿಲೆ ಹೊಡೆದರು, ನೇಗಿಲು ಹಿಡಿದರು, ರಾಗಿ ಕುಯ್ದು ಕಣ ಮಾಡಿದರು. ಹೆಂಗಸರು ನಸುಕಿನಲ್ಲೆದ್ದು ಬೀಸಿದರು, ಒಳಕಲ್ಲಿನಲ್ಲಿ ರುಬ್ಬಿದರು, ಬಾವಿಯಿಂದ ನೀರು ಹೊತ್ತರು. ಇಂದು ಉಳುವುದು ಟ್ರ್ಯಾಕ್ಟರು, ರುಬ್ಬುವುದು ಮಿಕ್ಸಿ, ಹಿಟ್ಟು ಮಾಡುವುದು ಗಿರಣಿ. ಕೊಳವೆ ಬಾವಿಯ ಮೋಟರನ್ನು ಮೊಬೈಲಿನಿಂದಲೇ ಚಾಲೂ ಮಾಡುವವರಿದ್ದಾರೆ. ರಾಗಿ ಹೊಲಗಳು ತೆಂಗಿನ ತೋಟಗಳಾದ ಮೇಲೆ ಯಜಮಾನನ ಮೈಗೆಲಸ ಇನ್ನೂ ಕಡಿಮೆಯಾಗಿದೆ. ಕಾಯಿ ಕೀಳುವುದೂ ಸುಲಿಯುವುದೂ ಕೂಲಿಯವರ ಪಾಲು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಪರಿಷ್ಕೃತ ಅಂದಾಜಿನ ಪ್ರಕಾರ, 65 ಕಿ.ಗ್ರಾಂ. ತೂಗುವ ಗಂಡಸು ಭಾರಿ ದುಡಿಮೆ ಮಾಡುತ್ತಿದ್ದರೆ ದಿನಕ್ಕೆ ಸುಮಾರು 3,470 ಕ್ಯಾಲೊರಿ ಆಹಾರ ಬೇಕು. ಅದೇ ವ್ಯಕ್ತಿ ಹೆಚ್ಚಾಗಿ ಕುಳಿತೇ ಕಾಲ ಕಳೆಯುವವನಾದರೆ 2,110 ಕ್ಯಾಲೊರಿ ಸಾಕು. ನಡುವಣ ಅಂತರ 1,360 ಕ್ಯಾಲೊರಿ. ಇದು ನಾಲ್ಕೂವರೆ ಕಾಯಿ ಒಬ್ಬಟ್ಟಿಗೆ ಸಮ. ಎಲೆಯ ಮೇಲಿನ ಊಟ ನೇಗಿಲು ಹಿಡಿದವನದು, ಉಣ್ಣುವವನು ಮೋಟರ್ ಸೈಕಲ್ಲಿನವನು. ಮಿಕ್ಕದ್ದು ಬೊಜ್ಜಾಗಿ ಹೊಟ್ಟೆಯ ಸುತ್ತ ಶೇಖರವಾಗುತ್ತದೆ.

ಇದು ಪೇಟೆಯವರ ಕಾಯಿಲೆ ಎಂದು ತಳ್ಳಿಹಾಕುವ ಕಾಲ ಕಳೆದಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿಯೂ, ಸರಿಸುಮಾರು ಅದೇ ವಯೋಮಾನದ ಗಂಡಸರಲ್ಲಿಯೂ ನೂರಕ್ಕೆ ಸುಮಾರು 30 ಮಂದಿ ಮಿತಿಮೀರಿದ ತೂಕದವರೆಂದು ತಿಳಿದುಬಂದಿದೆ. 2015-16ರ ಸಮೀಕ್ಷೆಯಲ್ಲಿ ಈ ಸಂಖ್ಯೆ 22-23ರ ಆಸುಪಾಸಿನಲ್ಲಿತ್ತು.

ದಿನವಿಡೀ ಕಾಯಿ ಸುಲಿಯುವ, ಮರ ಹತ್ತುವ, ಮಣ್ಣು ಹೊರುವ ಕೆಲಸಗಾರರಿಗೆ ಈ ಲೇಖನದ ಲೆಕ್ಕ ಅನ್ವಯಿಸುವುದಿಲ್ಲ. ಅವರಿಗೆ ಹೊಟ್ಟೆ ತುಂಬ ಊಟ ಬೇಕು.

ತಕ್ಕಡಿ ಮನೆಯಲ್ಲೇ ಇದೆ

ಕೊಬ್ಬರಿ ಚೀಲ ತೂಗುವ ಯಂತ್ರ ಅನೇಕ ಬೆಳೆಗಾರರ ಮನೆಯಲ್ಲಿರುತ್ತದೆ. ಕೊಬ್ಬರಿಯ ಒಂದೊಂದು ಕಿಲೋವನ್ನೂ ಬರೆದಿಡುವ ರೈತ ತನ್ನ ಮೈತೂಕವನ್ನು ಆಸ್ಪತ್ರೆಗೆ ಹೋದಾಗ ಮಾತ್ರ ತಿಳಿಯುವುದು ಸೋಜಿಗ. ವಾರಕ್ಕೊಮ್ಮೆ, ಒಂದೇ ದಿನ, ಬೆಳಗ್ಗೆ ಏನೂ ತಿನ್ನುವ ಮೊದಲು ಅದೇ ಯಂತ್ರದ ಮೇಲೆ ನಿಂತು ತೂಕವನ್ನು ಕ್ಯಾಲೆಂಡರಿನ ಮೇಲೆ ಬರೆಯಬೇಕು. ದಿನದಿನದ ಏರಿಳಿತ ಕಂಡು ಗಾಬರಿಯಾಗಬೇಕಾಗಿಲ್ಲ. ನೀರಿನ ಏರಿಳಿತವೇ ಒಂದು ಕಿಲೋದಷ್ಟಿರುತ್ತದೆ.

ಐದೂವರೆ ಅಡಿಗೆ ಸ್ವಲ್ಪ ಕಡಿಮೆ, ಅಂದರೆ 165 ಸೆಂ.ಮೀ. ಎತ್ತರದವರ ತೂಕ 63 ಕಿ.ಗ್ರಾಂ. ಒಳಗಿದ್ದರೆ ಒಳ್ಳೆಯದು, 68 ದಾಟಿದರೆ ಭಾರತೀಯರ ಮಟ್ಟಿಗೆ ಅದನ್ನು ಬೊಜ್ಜು ಎಂದೇ ತಜ್ಞರು ಎಣಿಸುತ್ತಾರೆ. ಐದು ಅಡಿ ಎತ್ತರದ ಹೆಂಗಸಿಗೆ ಈ ಅಂಕಿಗಳು ಸುಮಾರು 53 ಮತ್ತು 58. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮೀರಬಾರದು. ಅಳತೆ ಪಟ್ಟಿ ಇಲ್ಲದಿದ್ದರೆ ಒಂದು ಹುರಿ ಸಾಕು. ಹಿಮ್ಮಡಿಯಿಂದ ನೆತ್ತಿಯವರೆಗೆ ಅಳೆದು ಕತ್ತರಿಸಿ, ಅದನ್ನು ಎರಡಾಗಿ ಮಡಿಚಬೇಕು. ಮಡಿಚಿದ ಹುರಿ ಹೊಕ್ಕುಳ ಮಟ್ಟದಲ್ಲಿ ಹೊಟ್ಟೆಯನ್ನು ಸುತ್ತಿ ಬರದಿದ್ದರೆ ಎಚ್ಚರ ವಹಿಸುವ ಕಾಲ ಬಂದಿದೆಯೆಂದೇ ತಿಳಿಯಬೇಕು.

ಗುರಿ ದೊಡ್ಡದಿರಬೇಕಾಗಿಲ್ಲ. 80 ಕಿ.ಗ್ರಾಂ. ಇರುವವರು 4 ಕಿ.ಗ್ರಾಂ. ಇಳಿಸಿದರೂ ರಕ್ತದ ಸಕ್ಕರೆ ಮತ್ತು ಒತ್ತಡಗಳಲ್ಲಿ ಸುಧಾರಣೆ ಕಾಣಬಹುದು. ವಾರಕ್ಕೆ ಅರ್ಧ ಕಿಲೋಗಿಂತ ವೇಗವಾಗಿ ಇಳಿಸಲು ಹೊರಡಬೇಕಾಗಿಲ್ಲ.

ದಿನಸಿ ಚೀಟಿ ಹೇಳುವ ಕಥೆ

ಸಿಹಿ ಎಷ್ಟು ತಿನ್ನುತ್ತೀರಿ ಎಂದು ಕೇಳಿದರೆ, "ನಾವು ಸಿಹಿ ತಿನ್ನುವುದೇ ಅಪರೂಪ, ಹಬ್ಬ ಹರಿದಿನಕ್ಕೆ ಅಷ್ಟೆ" ಎಂಬ ಉತ್ತರ ಬರುತ್ತದೆ. ದಿನಸಿ ಅಂಗಡಿಯ ಚೀಟಿ ಬೇರೆಯೇ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯಂತೆ ಸಕ್ಕರೆ, ಬೆಲ್ಲ, ಜೇನುಗಳಿಂದ ಬರುವ ಶಕ್ತಿ ಒಟ್ಟು ಆಹಾರದ ನೂರಕ್ಕೆ ಹತ್ತನ್ನು ಮೀರಬಾರದು. ಐದರೊಳಗಿದ್ದರೆ ಇನ್ನೂ ಉತ್ತಮ. ಐದು ಎಂದರೆ ಒಬ್ಬರಿಗೆ ದಿನಕ್ಕೆ ಸುಮಾರು 25 ಗ್ರಾಂ. ಐದು ಜನರ ಮನೆಗೆ ತಿಂಗಳಿಗೆ ಸಕ್ಕರೆ ಬೆಲ್ಲ ಎರಡೂ ಸೇರಿ ನಾಲ್ಕು ಕಿಲೋಗಿಂತ ಕಡಿಮೆ. ಚೀಟಿಯಲ್ಲಿ ಎಷ್ಟಿದೆ ಎಂಬುದನ್ನು ಮನೆಯವರೇ ನೋಡಿಕೊಳ್ಳಬೇಕು. ಬೇಕರಿ ತಿಂಡಿ, ಬಿಸ್ಕತ್ತು, ಹೋಟೆಲಿನ ಟೀಗಳಲ್ಲಿ ಸೇರಿದ್ದು ಈ ಚೀಟಿಯಲ್ಲಿ ಬಾರದು ಎಂಬುದೂ ನೆನಪಿರಲಿ.

ಒಂದು ಲೋಟ ಟೀಗೆ ಎರಡು ಚಮಚ, ಅಂದರೆ 10 ಗ್ರಾಂ ಸಕ್ಕರೆ ಎಂದಿಟ್ಟುಕೊಳ್ಳೋಣ. ಎದ್ದ ಕೂಡಲೇ ಒಂದು, ತಿಂಡಿಯೊಡನೆ ಒಂದು, ತೋಟದಿಂದ ಬಂದಾಗ ಒಂದು, ಸಂಜೆ ಒಂದು, ಯಾರಾದರೂ ಬಂದರೆಂದು ಇನ್ನೊಂದು. ಐದು ಲೋಟಕ್ಕೆ 50 ಗ್ರಾಂ ಸಕ್ಕರೆ, 200 ಕ್ಯಾಲೊರಿ, ಹಾಲಿನದು ಬೇರೆ. ತಿಂಗಳಿಗೆ ಒಬ್ಬರೇ ಒಂದೂವರೆ ಕಿಲೋ ಸಕ್ಕರೆಯನ್ನು ಕುಡಿದಂತಾಯಿತು, ತಿಂದಂತೆ ಅನ್ನಿಸಲೇ ಇಲ್ಲ.

ಈಗ ಒಬ್ಬಟ್ಟಿನ ಕಡೆ ಬರೋಣ. ಸಾಧಾರಣ ಗಾತ್ರದ ಕಾಯಿ ಒಬ್ಬಟ್ಟಿನಲ್ಲಿ 20 ಗ್ರಾಂ ಕಾಯಿ, 25 ಗ್ರಾಂ ಬೆಲ್ಲ, 20 ಗ್ರಾಂ ಹಿಟ್ಟು, ಒಂದು ಚಮಚ ಎಣ್ಣೆ ಸೇರಿದರೆ ಸುಮಾರು 300 ಕ್ಯಾಲೊರಿ. ಅದನ್ನು ನಡೆದು ಕರಗಿಸಲು ಒಂದು ಗಂಟೆಯ ಬಿರುಸು ನಡಿಗೆಯೂ ಸಾಲದೆ ಬರಬಹುದು. ಆದರೂ ವರ್ಷದಲ್ಲಿ 15 ಹಬ್ಬ, ಹಬ್ಬಕ್ಕೆ ಮೂರು ಒಬ್ಬಟ್ಟು ಎಂದರೆ ವರ್ಷಕ್ಕೆ 13,500 ಕ್ಯಾಲೊರಿ. ಟೀ ಸಕ್ಕರೆಯದು ವರ್ಷಕ್ಕೆ 73,000. ಐದು ಪಟ್ಟಿಗೂ ಹೆಚ್ಚು! ಯುಗಾದಿಯ ದಿನ ಒಬ್ಬಟ್ಟನ್ನು ದೂರ ತಳ್ಳಿ, ಮರುದಿನದಿಂದ ಐದು ಲೋಟ ಟೀ ಕುಡಿಯುವವರು ತಪ್ಪಿದ್ದು ಎಲ್ಲಿ ಎಂಬುದು ಇದರಿಂದ ತಿಳಿಯುತ್ತದೆ.

ಬೆಲ್ಲದ ಬಗ್ಗೆ ಒಂದು ಮಾತು. ಸಕ್ಕರೆ ಬಿಟ್ಟು ಬೆಲ್ಲಕ್ಕೆ ಬದಲಾಯಿಸಿದರೆ ತೂಕ ಇಳಿಯುತ್ತದೆ ಎಂಬ ನಂಬಿಕೆ ವಿದ್ಯಾವಂತರಲ್ಲೂ ಇದೆ. 100 ಗ್ರಾಂ ಸಕ್ಕರೆಯಲ್ಲಿ 398 ಕ್ಯಾಲೊರಿಯಿದ್ದರೆ ಬೆಲ್ಲದಲ್ಲಿ 383. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶ ಉಂಟು, ನಿಜ. ತೂಕಕ್ಕೂ ಸಕ್ಕರೆ ಕಾಯಿಲೆಗೂ ಎರಡೂ ಒಂದೇ.

ಕೊಬ್ಬರಿಯ ಪ್ರಶ್ನೆ

ತೆಂಗು ಬೆಳೆಗಾರರಿಗೆ ಈ ಭಾಗ ಅಷ್ಟು ಹಿತವೆನಿಸದಿರಬಹುದು. ಹಸಿ ಕಾಯಿಯ 100 ಗ್ರಾಂ ತಿರುಳಿನಲ್ಲಿ 444 ಕ್ಯಾಲೊರಿ ಶಕ್ತಿ, 41.6 ಗ್ರಾಂ ಜಿಡ್ಡು ಇದೆ. ಉಂಡೆ ಕೊಬ್ಬರಿಗಾಗಿ ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಕೂಡಿಟ್ಟ ಕಾಯಿಯ ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು ಗಡಗಡ ಅನ್ನುವಾಗ ತೇವ ಹೋಗಿರುತ್ತದೆ, ಜಿಡ್ಡು ಉಳಿದಿರುತ್ತದೆ. ಆದ್ದರಿಂದ ಒಣ ಕೊಬ್ಬರಿಯ 100 ಗ್ರಾಂಗೆ 662 ಕ್ಯಾಲೊರಿ, 62.3 ಗ್ರಾಂ ಜಿಡ್ಡು. ಕೊಬ್ಬರಿ ಒಡೆಯುವಾಗ, ಆಯುವಾಗ ಚೂರುಗಳನ್ನು ಬಾಯಿಗೆ ಹಾಕಿಕೊಳ್ಳುವುದು ಎಲ್ಲರ ಅಭ್ಯಾಸ, ಜೊತೆಗೊಂದು ಅಚ್ಚು ಬೆಲ್ಲದ ತುಂಡು. 50 ಗ್ರಾಂ ಕೊಬ್ಬರಿ ಎಂದರೆ ಒಂದು ಹಿಡಿ, 330 ಕ್ಯಾಲೊರಿ. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿಯೂ ಇರುವುದು ಅಷ್ಟೇ, 328. ಮುದ್ದೆ ಉಂಡರೆ ಊಟವಾಯಿತೆನ್ನುತ್ತೇವೆ; ಕೊಬ್ಬರಿ ಚೂರು ತಿಂದರೆ ಏನೂ ತಿಂದಿಲ್ಲವೆನ್ನುತ್ತೇವೆ.

ಹಾಗಾದರೆ ಕಾಯಿಯೇ ಶತ್ರುವೇ? ಪೆಸಿಫಿಕ್ ಸಾಗರದ ಟೊಕೆಲಾವ್ ದ್ವೀಪದ ಜನರ ಕುರಿತು 1981ರಲ್ಲಿ ಪ್ರಕಟವಾದ ಅಧ್ಯಯನ ಇಲ್ಲಿ ಉಪಯುಕ್ತ. ಅಲ್ಲಿಯವರು ತಮ್ಮ ಆಹಾರ ಶಕ್ತಿಯ ಅರ್ಧಕ್ಕಿಂತ ಹೆಚ್ಚನ್ನು ತೆಂಗಿನಿಂದಲೇ ಪಡೆಯುತ್ತಿದ್ದರು. ಆದರೂ ಹೃದಯದ ರಕ್ತನಾಳಗಳ ಕಾಯಿಲೆ ಅವರಲ್ಲಿ ವಿರಳವಾಗಿತ್ತು. ತೆಂಗಿನ ಜೊತೆಗೆ ಅವರ ಊಟದಲ್ಲಿದ್ದುದು ಮೀನು ಮತ್ತು ಹಲಸಿನ ಜಾತಿಯ ಕಾಯಿ. ಸಕ್ಕರೆ ಬಹಳ ಕಡಿಮೆ. ಅದೇ ದ್ವೀಪದಿಂದ ನ್ಯೂಜಿಲೆಂಡಿಗೆ ವಲಸೆ ಹೋದವರು ತೆಂಗನ್ನು ಕಡಿಮೆ ತಿಂದರೂ, ಸಕ್ಕರೆ, ಬ್ರೆಡ್ಡುಗಳಿಗೆ ಒಗ್ಗಿಕೊಂಡು ತೂಕ ಏರಿಸಿಕೊಂಡರು. ಕಾಯಿಯ ಜೊತೆ ಏನು ಸೇರುತ್ತದೆ, ಎಷ್ಟು ಮೈಗೆಲಸ ಇದೆ ಎಂಬುದು ಮುಖ್ಯವೆಂದು ಇದರಿಂದ ಊಹಿಸಬಹುದು. ಕಾಯಿ, ಬೆಲ್ಲ, ಮೈದಾ ಮೂರೂ ಸೇರಿದ ತಿಂಡಿಯಷ್ಟು ಸುಲಭವಾಗಿ ಅಳತೆ ಮೀರಿಸುವ ತಿಂಡಿ ಬೇರೊಂದಿಲ್ಲ.

ಇದರ ಅರ್ಥ ಕೊಬ್ಬರಿ ಎಣ್ಣೆ ಕುಡಿದರೆ ತೂಕ ಇಳಿಯುತ್ತದೆ ಎಂಬ ಈಚಿನ ಪ್ರಚಾರ ಸರಿಯೆಂದಲ್ಲ. ಎಣ್ಣೆ ಯಾವುದಾದರೂ ಗ್ರಾಂಗೆ 9 ಕ್ಯಾಲೊರಿ. ತೆಂಗಿನ ಜಿಡ್ಡಿನಲ್ಲಿ ನೂರಕ್ಕೆ ಸುಮಾರು 90 ಭಾಗ ಗಟ್ಟಿ ಜಾತಿಯದು, ಅಂದರೆ ರಕ್ತದ ಕೊಲೆಸ್ಟರಾಲ್ ಏರಿಸುವ ಗುಣ ಉಳ್ಳದ್ದು. ಸ್ವಂತ ಬೆಳೆಯ ಮೇಲಿನ ಅಭಿಮಾನ ಬೇರೆ, ಅಡಿಗೆಯ ಅಳತೆ ಬೇರೆ.

ಮಧ್ಯಮ ಗಾತ್ರದ ಒಂದು ಕಾಯಿಯಲ್ಲಿ 250 ಗ್ರಾಂಗೆ ಕಡಿಮೆಯಿಲ್ಲದ ತಿರುಳಿರುತ್ತದೆ; ಸುಮಾರು 1,100 ಕ್ಯಾಲೊರಿ. ಐವರ ಮನೆಯಲ್ಲಿ ದಿನಕ್ಕೊಂದು ಕಾಯಿ ಖರ್ಚಾದರೆ ಒಬ್ಬರಿಗೆ 220 ಕ್ಯಾಲೊರಿ. ಅರ್ಧ ಕಾಯಿಗೆ ಇಳಿಸಿದರೆ ತಲಾ 110 ಉಳಿತಾಯ. ರುಚಿ ಕೆಡದಂತೆ ಇದನ್ನು ಮಾಡಲು ಸಾಧ್ಯ. ಬಸ್ಸಾರಿಗೆ ಬೆಂದ ಕಾಳನ್ನೇ ಒಂದು ಹಿಡಿ ರುಬ್ಬಿದರೆ ಸಾರು ಮಂದವಾಗುತ್ತದೆ, ಕಾಯಿ ಅರ್ಧ ಸಾಕು. ಕಾಯಿ ರುಬ್ಬಿ ಹಾಕಿದ ಸಾರಿಗೆ ಒಗ್ಗರಣೆ ಎಣ್ಣೆ ಒಂದೇ ಚಮಚ ಇರಲಿ. ಪಲ್ಯದ ಜೊತೆಗೆ ತುರಿಯನ್ನು ಬೇಯಿಸುವುದಕ್ಕಿಂತ ಕೊನೆಯಲ್ಲಿ ಮೇಲೆ ಉದುರಿಸಿದರೆ ಸ್ವಲ್ಪವೇ ಬಹಳವೆನಿಸುತ್ತದೆ. ಚಟ್ನಿಗೆ ಹುರಿಗಡಲೆ ಬೆರೆಸುವುದು ಎಲ್ಲರಿಗೂ ಗೊತ್ತಿದ್ದದ್ದೇ.

ಆಸೆ ಹುಟ್ಟುವ ಹೊತ್ತು

ಸಿಹಿಯ ಆಸೆ ಬಹುಮಟ್ಟಿಗೆ ಬರಿಹೊಟ್ಟೆಯ ಆಸೆ. ಕೊಬ್ಬರಿ ಹರಾಜಿನ ದಿನ ಬೆಳಗ್ಗೆ ತಿಂಡಿ ಬಿಟ್ಟು ತಿಪಟೂರು ಮಾರುಕಟ್ಟೆಗೆ ಹೊರಟ ರೈತ ಹನ್ನೊಂದು ಗಂಟೆಗೆ ಬೇಕರಿಯ ಮುಂದೆ ನಿಲ್ಲುತ್ತಾನೆ. ಬನ್ನು, ಟೀ, ಒಂದು ಮಿಠಾಯಿ ಚೂರು. ಇವೆಲ್ಲ ಬೇಗನೆ ರಕ್ತಕ್ಕೆ ಸೇರಿ, ಸಕ್ಕರೆಯ ಅಂಶ ಥಟ್ಟನೆ ಏರುತ್ತದೆ; ಅಷ್ಟೇ ಬೇಗ ಇಳಿದಾಗ ಮತ್ತೆ ಹಸಿವು. ಮನೆಯಿಂದ ಹೊರಡುವಾಗಲೇ ಒಂದು ಮುದ್ದೆ, ಹುರುಳಿ ಅಥವಾ ಅವರೆಕಾಳಿನ ಸಾರು ಉಂಡು ಹೊರಟವನಿಗೆ ಬೇಕರಿಯ ಗಾಜಿನ ಪೆಟ್ಟಿಗೆ ಅಷ್ಟಾಗಿ ಕರೆಯುವುದಿಲ್ಲ. ಕಾಳಿನ ಸಸಾರಜನಕ, ಸೊಪ್ಪಿನ ನಾರು ಹಸಿವನ್ನು ತಡೆದು ಹಿಡಿಯುತ್ತವೆ. ಆದರೆ ರಾಗಿ ಎಂದ ಮಾತ್ರಕ್ಕೆ ಅಳತೆ ಬೇಡವೆಂದಲ್ಲ. ಮೈಗೆಲಸವಿಲ್ಲದವರಿಗೆ ಒಂದು ಮುದ್ದೆ, ಅದರ ಎರಡರಷ್ಟು ಸೊಪ್ಪು ಕಾಳು ತರಕಾರಿ ಸರಿಯಾದ ಹೊಂದಿಕೆ. ಮುದ್ದೆಯ ಮೇಲೆ ಮತ್ತೆ ಎರಡು ಸಲ ಅನ್ನ ಬಡಿಸಿಕೊಳ್ಳುವ ಪದ್ಧತಿಯನ್ನು ಮೊದಲು ನಿಲ್ಲಿಸಬೇಕು.

ಟೀ ಸಕ್ಕರೆಯನ್ನು ಒಂದೇ ದಿನ ನಿಲ್ಲಿಸುವ ಅಗತ್ಯವಿಲ್ಲ. ವಾರಕ್ಕೆ ಕಾಲು ಚಮಚ ಕಡಿಮೆ ಮಾಡುತ್ತ ಹೋದರೆ ನಾಲ್ಕು ವಾರದಲ್ಲಿ ಎರಡು ಚಮಚ ಒಂದಾಗುತ್ತದೆ. ನಾಲಗೆಯೂ ಅಷ್ಟರಲ್ಲಿ ಒಗ್ಗಿಕೊಳ್ಳುತ್ತದೆ. ಐದು ಲೋಟ ಮೂರಾಗಲಿ. ಒಂದು ಹೊತ್ತಿನ ಟೀ ಬದಲು ನೀರು ಮಜ್ಜಿಗೆ, ಒಂದು ಹಿಡಿ ಹುರಿಗಡಲೆ, ಒಂದು ಸೀಬೆ ಹಣ್ಣು. ಎರಡು ಚಮಚದ ಐದು ಲೋಟ ಒಂದು ಚಮಚದ ಮೂರು ಲೋಟವಾದರೆ ದಿನಕ್ಕೆ 35 ಗ್ರಾಂ ಸಕ್ಕರೆ, 140 ಕ್ಯಾಲೊರಿ ಉಳಿಯಿತು. ಲೆಕ್ಕದ ಪ್ರಕಾರ ಎರಡು ತಿಂಗಳಲ್ಲಿ ಒಂದು ಕಿಲೋ ಬೊಜ್ಜು ಕರಗಬೇಕು. ದೇಹವು ಲೆಕ್ಕದ ಪುಸ್ತಕದಂತೆ ನಡೆಯದು, ಇಳಿಕೆ ಇದಕ್ಕಿಂತ ನಿಧಾನ. ಆದರೂ ದಿಕ್ಕು ಸರಿ.

ಬಾಯಾರಿದಾಗ ಬಾಟಲಿಯ ಬಣ್ಣದ ಪಾನೀಯ ಕೊಳ್ಳುವ ತೆಂಗು ಬೆಳೆಗಾರನನ್ನು ಕಂಡರೆ ಏನೆನ್ನಬೇಕೋ ತಿಳಿಯದು. 250 ಮಿ.ಲೀ. ಬಾಟಲಿಯಲ್ಲಿ ಒಂದು ದಿನದ ಮಿತಿಯ ಅಷ್ಟೂ ಸಕ್ಕರೆ, ಸುಮಾರು 25 ಗ್ರಾಂ, ಕರಗಿರುತ್ತದೆ. ಒಂದು ಎಳನೀರಿನಲ್ಲಿ ಎಲ್ಲ ಸೇರಿ 70 ಕ್ಯಾಲೊರಿಯ ಆಸುಪಾಸು.

ಮದುವೆ ಮನೆಯ ಸಂಗತಿ ಬೇರೆ. "ಬೀಗರೇ, ಇನ್ನೊಂದು ಒಬ್ಬಟ್ಟು ಹಾಕಿಸ್ಕೊಳ್ಳಿ, ನಮ್ಮ ಮನೆಗೆ ದಿನಾ ಬರ್ತೀರಾ?" ಎಂದು ಬಡಿಸುವವರು ನಿಂತರೆ ಬೇಡವೆನ್ನುವುದು ಕಷ್ಟ, ಎಲೆಗೆ ಕೈ ಅಡ್ಡ ಹಿಡಿದರೆ ಮುನಿಸು. ಒಂದನ್ನು ಸಂತೋಷದಿಂದ ಹಾಕಿಸಿಕೊಂಡು, ಕೋಸಂಬರಿ ಪಲ್ಯಗಳನ್ನು ಮೊದಲು ಮುಗಿಸಿ, ಒಬ್ಬಟ್ಟನ್ನು ನಿಧಾನವಾಗಿ ತಿನ್ನುವುದು ಸುಲಭದ ದಾರಿ. ಎಲೆಯಲ್ಲಿ ಅದು ಇನ್ನೂ ಇರುವಾಗ ಎರಡನೆಯದನ್ನು ಯಾರೂ ಹಾಕುವುದಿಲ್ಲ. ಮೇಲೆ ತುಪ್ಪವೋ ಕಾಯಿಹಾಲೋ, ಒಂದನ್ನು ಆರಿಸಿಕೊಂಡರೆ ಸಾಕು. ಹಾಗೆಯೇ ಬಡಿಸುವವರ ಕಡೆಗೂ ಒಂದು ಕೋರಿಕೆ: ಬೇಡವೆಂದವರಿಗೆ ಬಲವಂತದಿಂದ ಬಡಿಸುವುದನ್ನು ಉಪಚಾರವೆಂದು ಎಣಿಸುವುದು ಬೇಡ.

ಹಬ್ಬದ ಮರುದಿನದ ತೊಂದರೆ ಹೆಚ್ಚಾಗಿ ಹೆಂಗಸರದು. ಎಲ್ಲರ ಊಟವಾದ ಮೇಲೆ ಉಣ್ಣುವವರು ಅವರು. ಉಳಿದದ್ದು ಹಾಳಾಗಬಾರದೆಂದು ಎರಡು ಮೂರು ದಿನ ಒಬ್ಬಟ್ಟು ತಿನ್ನುವವರೂ ಅವರೇ. ಹೂರಣವನ್ನೇ ಮೂರರಲ್ಲಿ ಎರಡು ಪಾಲು ಮಾಡಿ, ಒಬ್ಬಟ್ಟನ್ನು ಅಂಗೈ ಅಗಲಕ್ಕೆ ತಟ್ಟಿ, ಉಳಿದದ್ದನ್ನು ಅಂದೇ ನೆರೆಮನೆಗೆ ಹಂಚುವುದು ಒಳ್ಳೆಯದು. ಸಂಕ್ರಾಂತಿಯ ಎಳ್ಳು ಬೆಲ್ಲದ ಡಬ್ಬಿಯೂ ಕಣ್ಣಿಗೆ ಬೀಳುವ ಜಾಗದಲ್ಲಿದ್ದರೆ ತಿಂಗಳವರೆಗೆ ಕೈ ಹೋಗುತ್ತಲೇ ಇರುತ್ತದೆ. ಮೇಲಿನ ಗೂಡಿನಲ್ಲಿಟ್ಟರೆ ಅರ್ಧ ಆಸೆ ತಾನಾಗಿ ಅಡಗುತ್ತದೆ.

ಸ್ತ್ರೀಶಕ್ತಿ ಸಂಘಗಳ ಸಭೆಯಲ್ಲಿ ಮಾತನಾಡುವ ವಿಸ್ತರಣಾ ಕಾರ್ಯಕರ್ತೆಯರು ಕ್ಯಾಲೊರಿಯ ಪಾಠಕ್ಕೆ ಬದಲಾಗಿ 50 ಗ್ರಾಂ ಸಕ್ಕರೆಯ ಪೊಟ್ಟಣ, 50 ಗ್ರಾಂ ಕೊಬ್ಬರಿ, 100 ಗ್ರಾಂ ರಾಗಿ ಹಿಟ್ಟು ಇವನ್ನು ತಟ್ಟೆಯಲ್ಲಿಟ್ಟು ತೋರಿಸಿದರೆ ವಿಷಯ ಬೇಗ ಮನದಟ್ಟಾಗುವುದು. ಸದಸ್ಯೆಯರೇ ತಮ್ಮ ತಮ್ಮ ದಿನಸಿ ಚೀಟಿ ತಂದು ಲೆಕ್ಕ ಹಾಕಲಿ.

ಕೆಲವು ಎಚ್ಚರಿಕೆಗಳು

ಬೆಳೆಯುವ ಮಕ್ಕಳು, ಬಸುರಿಯರು, ಬಾಣಂತಿಯರು ತೂಕ ಇಳಿಸಲು ಊಟ ಕಡಿಮೆ ಮಾಡಬಾರದು. ಕಾರಣವಿಲ್ಲದೆ ತೂಕ ತಾನಾಗಿ ಇಳಿಯುತ್ತಿದ್ದರೆ ಅದು ಸಂತೋಷದ ಸಂಗತಿಯಲ್ಲ, ಕೂಡಲೇ ವೈದ್ಯರಿಗೆ ತೋರಿಸಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟವನ್ನು ತಟ್ಟನೆ ಕಡಿಮೆ ಮಾಡಿದರೆ, ಉಪವಾಸ ಮಾಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ, ಕಣ್ಣು ಕತ್ತಲೆ ಇದರ ಚಿಹ್ನೆಗಳು. ಆಗ ಎರಡು ಮೂರು ಚಮಚ ಸಕ್ಕರೆಯನ್ನು ನೀರಿಗೆ ಬೆರೆಸಿ ಕುಡಿಯುವುದೇ ಔಷಧ. ಅಂಥವರು ಊಟದ ಬದಲಾವಣೆಗೆ ಮುಂಚೆ ವೈದ್ಯರನ್ನು ಕಂಡು ಔಷಧದ ಪ್ರಮಾಣ ಸರಿಪಡಿಸಿಕೊಳ್ಳಬೇಕು. ಮೂತ್ರಪಿಂಡದ ತೊಂದರೆಯಿರುವವರು ಎಳನೀರನ್ನೂ ವೈದ್ಯರನ್ನು ಕೇಳಿಯೇ ಕುಡಿಯಬೇಕು; ಅದರಲ್ಲಿ ಪೊಟ್ಯಾಷಿಯಂ ಅಂಶ ಹೆಚ್ಚು.